ಮದ್ದಿನ ಮನೆಯ ಲೆಕ್ಕಪುಸ್ತಕ

ಎಣ್ಣೂರಿನಿಂದ ಚೆನ್ನೈ ಬಂದರಿಗೆ ಬರುವ ರಸ್ತೆಯಲ್ಲಿ ಬೆಳಗಿನ ಹೊತ್ತು ನಿಂತರೆ ಲಾರಿಗಳ ಸಾಲಿಗೆ ತಲೆಯೂ ಕಾಣುವುದಿಲ್ಲ, ಬಾಲವೂ ಕಾಣುವುದಿಲ್ಲ. ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಕಂಟೈನರ್ ಅಂಗಳ, ಗೋದಾಮು, ನಡುನಡುವೆ ಟೀ ಅಂಗಡಿ. ಸಾಲು ಕದಲುವುದಿಲ್ಲವೆಂದು ಖಾತ್ರಿಯಾದ ಚಾಲಕರು ಇಳಿದು ಬೀಡಿ ಹಚ್ಚುತ್ತಾರೆ. ಟ್ಯಾಂಕರ್ ಚಾಲಕ ಮಾತ್ರ ಹಚ್ಚುವುದಿಲ್ಲ. ಅವನ ಬಂಡಿಯ ಬೆನ್ನಿಗೆ ಒಂದು ಕಿತ್ತಳೆ ಬಣ್ಣದ ಫಲಕವಿದೆ. ಅದರ ಮೇಲೆ 1203 ಎಂಬ ಸಂಖ್ಯೆ, ಪಕ್ಕದಲ್ಲಿ 3ವೈಇ ಎಂಬ ಗುರುತು, ಕೆಳಗೆ ಒಂದು ಫೋನ್ ನಂಬರ್.

ದಾರಿಹೋಕರಿಗೆ ಅದು ನಂಬರ್ ಪ್ಲೇಟಿನ ತಮ್ಮ. ಅಗ್ನಿಶಾಮಕ ದಳದವರಿಗೆ ಅದೊಂದು ಪೂರ್ತಿ ವಾಕ್ಯ. 1203 ಎಂದರೆ ಪೆಟ್ರೋಲು. ಜಗತ್ತಿನ ಯಾವ ದೇಶದಲ್ಲಿ ಓದಿದರೂ ಪೆಟ್ರೋಲೇ. 3 ಎಂದರೆ ನೀರು ಹೊಡೆಯಬೇಡಿ, ನೊರೆ ಬಳಸಿ. ವೈ ಎಂದರೆ ಬೆಂಕಿಯಾದರೆ ಉಸಿರಾಟದ ಸಾಧನ ತೊಡಿ, ಸೋರಿದ್ದು ಚರಂಡಿಗೆ ಇಳಿಯದಂತೆ ತಡೆಯಿರಿ. ಇ ಎಂದರೆ ಸುತ್ತಲಿನ ಜನರನ್ನು ತೆರವು ಮಾಡಬೇಕೇ ಎಂದು ಯೋಚಿಸಿ.

ಅದೇ ಸಾಲಿನಲ್ಲಿ ಒಮ್ಮೊಮ್ಮೆ ಹಸಿರು ಬಣ್ಣದ ಲಾರಿಗಳೂ ಬರುತ್ತವೆ. ನಂಬರ್ ಪ್ಲೇಟಿನ ಮೊದಲಿಗೆ ಮೇಲ್ಮುಖದ ಬಾಣ, ಬಿಗಿದು ಕಟ್ಟಿದ ತಾಡಪಾಲು, ಕೆಲವಕ್ಕೆ ಹಿಂದೆ ಮುಂದೆ ಕೆಂಪು ಬಾವುಟ. ಸೇನೆಯ ಲಾರಿ ಎಂದು ಎಲ್ಲರಿಗೂ ಗೊತ್ತು. ಒಳಗೇನಿದೆ ಎಂಬುದು ಗೊತ್ತಿಲ್ಲ. ಬಂದೂಕು, ಟ್ಯಾಂಕು, ಕ್ಷಿಪಣಿಗಳನ್ನು ನಾವು ಗಣರಾಜ್ಯೋತ್ಸವದ ಮೆರವಣಿಗೆಯಲ್ಲಿ ನೋಡುತ್ತೇವೆ. ಅವುಗಳ ಹೊಟ್ಟೆಗೆ ಹೋಗುವ ಮದ್ದು, ಎಣ್ಣೆ, ಆಮ್ಲ, ಅನಿಲಗಳು ಎಲ್ಲಿ ಮಲಗಿರುತ್ತವೆ, ಯಾರು ಕಾಯುತ್ತಾರೆ, ಹಳತಾದರೆ ಎಲ್ಲಿಗೆ ಹೋಗುತ್ತವೆ ಎಂಬುದು ಮೆರವಣಿಗೆಗೆ ಬರುವ ಸಂಗತಿಯಲ್ಲ.

ಒಂದೇ ಪದ, ಎರಡು ಡಬ್ಬಿ

ಕನ್ನಡದಲ್ಲಿ ಮದ್ದು ಎಂದರೆ ಔಷಧಿಯೂ ಹೌದು, ಕೋವಿಗೆ ತುಂಬುವ ಪುಡಿಯೂ ಹೌದು. ತಮಿಳಿನಲ್ಲೂ ಹಾಗೆಯೇ: ಮರುಂದು ಔಷಧಿ, ವೆಡಿಮರುಂದು ಸಿಡಿಮದ್ದು. ಹಳಗನ್ನಡದ ಮರ್ದು ಮತ್ತು ತಮಿಳಿನ ಮರುಂದು ಒಂದೇ ಬೇರಿನವು. ಅಳತೆ ತಪ್ಪಿದರೆ ಎರಡೂ ಕೊಲ್ಲುತ್ತವೆ ಎಂಬುದು ನಮ್ಮ ಹಿರಿಯರಿಗೆ ಹೊಳೆದಿದ್ದಿರಬೇಕು, ಇಲ್ಲವೇ ಎರಡನ್ನೂ ಕಲ್ಲಿನಲ್ಲಿ ಅರೆಯಬೇಕಿತ್ತು ಎಂಬಷ್ಟೇ ಕಾರಣವಿದ್ದಿರಬಹುದು. ಚಿತ್ರದುರ್ಗದ ಕೋಟೆಗೆ ಹೋದವರೆಲ್ಲ ಮದ್ದು ಬೀಸುವ ಆ ದೈತ್ಯ ಕಲ್ಲುಗಳನ್ನು ನೋಡಿರುತ್ತಾರೆ.

ಶ್ರೀರಂಗಪಟ್ಟಣದಲ್ಲಿ ಟಿಪ್ಪು ಕಾಲದ ಮದ್ದಿನ ಮನೆಗಳಿವೆ. ಅರ್ಧ ನೆಲದೊಳಗೆ ಹುದುಗಿದ, ದಪ್ಪ ಗೋಡೆಯ, ಇಟ್ಟಿಗೆ ಗಾರೆಯ ಕಟ್ಟಡಗಳು. ಒಳಗೆ ಕಾಲಿಟ್ಟರೆ ಬೇಸಿಗೆಯಲ್ಲೂ ತಂಪು. ಬೆಂಗಳೂರು-ಮೈಸೂರು ರೈಲು ಹಳಿ ಜೋಡಿಯಾಗುವಾಗ ಅವುಗಳಲ್ಲೊಂದು ದಾರಿಗೆ ಅಡ್ಡ ಬಂತು. 2017ರಲ್ಲಿ ಸುಮಾರು ಸಾವಿರ ಟನ್ ತೂಕದ ಆ ಕಟ್ಟಡವನ್ನು ಒಡೆಯದೆ, ಬುಡಸಮೇತ ಎತ್ತಿ 130 ಮೀಟರಿನಷ್ಟು ದೂರಕ್ಕೆ ಸರಿಸಿದರು. ಪತ್ರಿಕೆಗಳೆಲ್ಲ ಆ ಎಂಜಿನಿಯರಿಂಗ್ ಸಾಹಸವನ್ನು ಕೊಂಡಾಡಿದವು. ಅದಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಕಟ್ಟಡದ ಆಕಾರ. ಕಿಡಿ ಬರಬಾರದು, ಬಿಸಿ ಏರಬಾರದು, ತೇವ ಹಿಡಿಯಬಾರದು, ಆದರೂ ಅನಾಹುತವಾದರೆ ಪಕ್ಕದವರಿಗೆ ತಗುಲಬಾರದು. ಈ ನಾಲ್ಕು ಚಿಂತೆಗಳನ್ನು ಇಟ್ಟಿಗೆಯಲ್ಲಿ ಬರೆದ ಹಾಗಿದೆ ಅದು. ಇಂದಿನ ಸೇನಾ ಮದ್ದಿನ ಮನೆಯ ಚಿಂತೆಗಳೂ ಅವೇ ನಾಲ್ಕು. ಐದನೆಯದೊಂದು ಈಚೆಗೆ ಸೇರಿದೆ, ಅದಕ್ಕೆ ಆಮೇಲೆ ಬರುತ್ತೇನೆ.

ಎಮ್ಡೆನ್ ಬಂದ ರಾತ್ರಿ

ಅಪಾಯದ ಸರಕನ್ನು ಎಲ್ಲಿಡಬಾರದು ಎಂಬ ಪಾಠವನ್ನು ಚೆನ್ನೈ ಒಂದೇ ರಾತ್ರಿಯಲ್ಲಿ ಕಲಿಯಿತು. 1914ರ ಸೆಪ್ಟೆಂಬರ್ 22. ಮೊದಲ ಮಹಾಯುದ್ಧ ಶುರುವಾಗಿ ಎರಡು ತಿಂಗಳೂ ಆಗಿರಲಿಲ್ಲ. ಜರ್ಮನ್ ಯುದ್ಧನೌಕೆ ಎಮ್ಡೆನ್, ಕಾರ್ಲ್ ಫಾನ್ ಮ್ಯುಲರ್ ಎಂಬ ಕ್ಯಾಪ್ಟನ್ನನ ಕೈಯಲ್ಲಿ, ಮದ್ರಾಸಿನ ಕಡಲಿಗೆ ಬಂತು. ಊರಿನ ದೀಪಗಳೆಲ್ಲ ಉರಿಯುತ್ತಿದ್ದವು. ರಾತ್ರಿ ಒಂಬತ್ತೂವರೆಯ ಸುಮಾರಿಗೆ ಹಡಗು ಸರ್ಚ್‌ಲೈಟ್ ಬೀರಿ, ಬಂದರಿನ ಬಳಿ ಸಾಲಾಗಿ ನಿಂತಿದ್ದ ಬರ್ಮಾ ಆಯಿಲ್ ಕಂಪನಿಯ ಟ್ಯಾಂಕುಗಳಿಗೆ ಗುರಿಯಿಟ್ಟಿತು. ಸುಮಾರು 130 ಶೆಲ್‌ಗಳು ಬಿದ್ದವು. ಎಣ್ಣೆಯ ಟ್ಯಾಂಕುಗಳು ಹೊತ್ತಿ ಉರಿದು ಮೂರು ಲಕ್ಷಕ್ಕೂ ಹೆಚ್ಚು ಗ್ಯಾಲನ್ ಸೀಮೆಎಣ್ಣೆ ಬೂದಿಯಾಯಿತು. ಅರ್ಧ ಗಂಟೆಯೊಳಗೆ ಹಡಗು ಕತ್ತಲಲ್ಲಿ ಕರಗಿತು.

ಸತ್ತವರ ಸಂಖ್ಯೆ ಬೆರಳೆಣಿಕೆಯಷ್ಟು. ಆದರೂ ಮರುದಿನದಿಂದ ಜನ ಗಂಟುಮೂಟೆ ಕಟ್ಟಿ ಊರು ಬಿಟ್ಟರು. ತಮಿಳಿನಲ್ಲಿ ಎಮ್ಡನ್ ಎಂದರೆ ಈಗಲೂ ಮಹಾ ಘಾಟಿ ಆಸಾಮಿ. ಹೈಕೋರ್ಟಿನ ಆವರಣದ ಪೂರ್ವದ ಗೋಡೆಯ ಬಳಿ ಶೆಲ್ ಬಿದ್ದ ಜಾಗದಲ್ಲಿ ಒಂದು ಫಲಕವಿದೆ. ವಕೀಲರ ಓಡಾಟದ ನಡುವೆ ಅದನ್ನು ನಿಂತು ಓದುವವರು ಕಡಿಮೆ.

ಹಡಗು ಕೋಟೆಯನ್ನು ಹೊಡೆಯಲಿಲ್ಲ, ಸೈನಿಕರನ್ನು ಹುಡುಕಲಿಲ್ಲ. ಎಣ್ಣೆಯನ್ನು ಹೊಡೆಯಿತು. ಎಣ್ಣೆಯ ಟ್ಯಾಂಕನ್ನು ಕಡಲ ದಂಡೆಯಲ್ಲಿ, ಒಂದರ ಪಕ್ಕ ಒಂದು, ಊರಿಗೆ ಅಂಟಿಸಿದಂತೆ ನಿಲ್ಲಿಸಿದರೆ ಶತ್ರು ತರಬೇಕಾದದ್ದು ಒಂದು ಕಿಡಿ ಮಾತ್ರ, ಉಳಿದ ಮದ್ದನ್ನು ನಾವೇ ಒದಗಿಸಿರುತ್ತೇವೆ.

ಎಣ್ಣೆಯ ಮಾತು ಬಂತೆಂದು ಡಬ್ಬದ ಕಥೆಯನ್ನೂ ಹೇಳಿಬಿಡುತ್ತೇನೆ. ನಮ್ಮ ಅಜ್ಜಿಯರು ನೀರು ಹೊರುತ್ತಿದ್ದ ಚೌಕನೆಯ ಸೀಮೆಎಣ್ಣೆ ಡಬ್ಬ ನೆನಪಿದೆಯಲ್ಲ, ನಾಲ್ಕು ಗ್ಯಾಲನ್ನಿನದು. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನೆ ಉತ್ತರ ಆಫ್ರಿಕದ ಮರಳುಗಾಡಿಗೆ ಪೆಟ್ರೋಲನ್ನು ಅಂಥದ್ದೇ ತೆಳುತಗಡಿನ ಡಬ್ಬದಲ್ಲಿ ಸಾಗಿಸಿತು. ಬೆಸುಗೆ ಬಿಟ್ಟು, ಒಂದಕ್ಕೊಂದು ಬಡಿದು, ದಾರಿಯಲ್ಲೇ ಶೇ 30ರಷ್ಟು ಸೋರಿ ಹೋಗುತ್ತಿತ್ತು ಎಂಬುದು ಆ ಕಾಲದ ಅಂದಾಜು. ಎದುರಾಳಿ ಜರ್ಮನ್ನರ ಬಳಿ ಇದ್ದದ್ದು ಇಪ್ಪತ್ತು ಲೀಟರಿನ ಗಟ್ಟಿ ಕ್ಯಾನು: ಮೇಲೆ ಮೂರು ಹಿಡಿಕೆ, ಪಕ್ಕದಲ್ಲಿ ಅಡ್ಡಡ್ಡ ಗೀರಿದಂತೆ ತಗ್ಗು. ಆ ತಗ್ಗು ಅಂದಕ್ಕಲ್ಲ, ಬಿಸಿಲಿಗೆ ಪೆಟ್ರೋಲು ಹಿಗ್ಗಿದಾಗ ತಗಡಿಗೂ ಹಿಗ್ಗಲು ಜಾಗವಿರಲೆಂದು. ತುಂಬಿದ ಮೇಲೂ ಮೇಲ್ಭಾಗದಲ್ಲಿ ಒಂದಿಷ್ಟು ಗಾಳಿ ಉಳಿಯುತ್ತಿತ್ತು. ಬ್ರಿಟಿಷರು ಅದನ್ನೇ ನಕಲು ಮಾಡಿದರು, ಜರ್ಮನ್ನರನ್ನು ಅವರು ಕರೆಯುತ್ತಿದ್ದ ಅಡ್ಡಹೆಸರೇ ಕ್ಯಾನಿಗೂ ಅಂಟಿತು. ಜೆರ್ರಿಕ್ಯಾನ್ ಬಂದದ್ದು ಹಾಗೆ.

ಆವಡಿಯಲ್ಲಿ ಏನಿದೆ

ಚೆನ್ನೈ ಸೆಂಟ್ರಲ್‌ನಿಂದ ಅರಕ್ಕೋಣಂ ಕಡೆಯ ಲೋಕಲ್ ರೈಲು ಹತ್ತಿದರೆ ಆವಡಿ ಸಿಗುತ್ತದೆ. ಈ ಹೆಸರು ಇಂಗ್ಲಿಷಿನ ನಾಲ್ಕಾರು ಮಿಲಿಟರಿ ಪದಗಳ ಮೊದಲಕ್ಷರ ಸೇರಿ ಆದದ್ದು ಎಂದು ಊರಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಚಂದದ ಕಥೆ, ಆದರೆ ಸೇನೆ ಬರುವ ಮೊದಲೇ ಆವಡಿ ಎಂಬ ಹಳ್ಳಿ ಇತ್ತು. ಎರಡನೇ ಮಹಾಯುದ್ಧದಲ್ಲಿ ಇಲ್ಲಿ ದೊಡ್ಡ ಸೇನಾ ಉಗ್ರಾಣ ಬಂತು. 1955ರಲ್ಲಿ ಕಾಂಗ್ರೆಸ್ ಅಧಿವೇಶನ ಇಲ್ಲೇ ನಡೆದು ಸಮಾಜವಾದಿ ಮಾದರಿಯ ಸಮಾಜದ ನಿರ್ಣಯ ಹೊರಬಿದ್ದದ್ದರಿಂದ ಪಠ್ಯಪುಸ್ತಕದಲ್ಲೂ ಆವಡಿಗೆ ಜಾಗ ಸಿಕ್ಕಿತು. 1960ರ ದಶಕದಲ್ಲಿ ಹೆವಿ ವೆಹಿಕಲ್ಸ್ ಫ್ಯಾಕ್ಟರಿ ವಿಜಯಂತ ಟ್ಯಾಂಕ್ ತಯಾರಿಸಿತು. ಮುಂದೆ ಟಿ-72, ಅರ್ಜುನ್, ಟಿ-90. 2021ರ ಅಕ್ಟೋಬರಿನಲ್ಲಿ ಆರ್ಡ್‌ನನ್ಸ್ ಫ್ಯಾಕ್ಟರಿಗಳನ್ನೆಲ್ಲ ಏಳು ಕಂಪನಿಗಳಾಗಿ ಒಡೆದಾಗ, ಟ್ಯಾಂಕು ತಯಾರಿಸುವ ಆರ್ಮರ್ಡ್ ವೆಹಿಕಲ್ಸ್ ನಿಗಮದ ಮುಖ್ಯ ಕಚೇರಿಯೂ ಆವಡಿಗೇ ಬಂತು.

ಸೇನೆಯ ಅಪಾಯದ ಸರಕು ಎಂದೊಡನೆ ನಮ್ಮ ಕಣ್ಣಿಗೆ ಬಾಂಬು ಬರುತ್ತದೆ. ಆದರೆ ಒಂದು ಟ್ಯಾಂಕನ್ನು ಗುಂಡಿಲ್ಲದೆ, ಬರಿಯ ಯಂತ್ರವಾಗಿ ನೋಡಿ. ಡೀಸೆಲ್, ಹೈಡ್ರಾಲಿಕ್ ಎಣ್ಣೆ, ಗ್ರೀಸ್. ಸೀಸ ಮತ್ತು ಗಂಧಕಾಮ್ಲದ ಭಾರಿ ಬ್ಯಾಟರಿಗಳು. ತುಕ್ಕು ತಡೆಯುವ ಪ್ರೈಮರು, ಬಣ್ಣ, ತಿನ್ನರು. ಸಿಬ್ಬಂದಿ ಕೂರುವ ಕೋಣೆಯಲ್ಲಿ ಬೆಂಕಿ ಬಿದ್ದರೆ ಕಣ್ಣುಮಿಟುಕಿಸುವುದರೊಳಗೆ ಆರಿಸಬೇಕಾದ ಹ್ಯಾಲನ್ ಅನಿಲ. ಈ ಹ್ಯಾಲನ್ ಓಝೋನ್ ಪದರವನ್ನು ತಿನ್ನುವ ಜಾತಿಯದು, ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಅದರ ತಯಾರಿಕೆ ನಿಂತಿದೆ. ಹಾಗಾಗಿ ಬಹಳ ಕಡೆ ಹಳೆಯ ಸಿಲಿಂಡರುಗಳಿಂದ ಮರಳಿ ಪಡೆದದ್ದನ್ನೇ ಚಿನ್ನದ ಹಾಗೆ ಕಾಪಾಡಿಕೊಂಡು ಬಳಸುತ್ತಾರೆ. ಇವೆಲ್ಲ ದಿನನಿತ್ಯ ಉಗ್ರಾಣಕ್ಕೆ ಬಂದು ಹೋಗುವ ಸರಕು. ಸಿಡಿಯುವುದಕ್ಕಿಂತ ಸೋರುವುದು, ಆವಿಯಾಗುವುದು, ಚರ್ಮ ಸುಡುವುದು ಇವುಗಳ ಸ್ವಭಾವ.

ಇದನ್ನೆಲ್ಲ ಹೊರುವ ಕೆಲಸ ಸೇನೆಯಲ್ಲಿ ಮುಖ್ಯವಾಗಿ ಎರಡು ದಳಗಳ ಪಾಲಿಗೆ. ಇಂಧನ ಮತ್ತು ಆಹಾರ ಆರ್ಮಿ ಸರ್ವಿಸ್ ಕೋರ್‌ನದು. ಅವರ ತರಬೇತಿ ಕೇಂದ್ರ ನಮ್ಮ ಬೆಂಗಳೂರಿನಲ್ಲಿದೆ. ಮದ್ದುಗುಂಡು, ಬಿಡಿಭಾಗ, ಬಟ್ಟೆಬರೆ ಆರ್ಮಿ ಆರ್ಡ್‌ನನ್ಸ್ ಕೋರ್‌ನದು. ಅವರ ಕೇಂದ್ರ ಸಿಕಂದರಾಬಾದಿನಲ್ಲಿ. ಗುಂಡು ತಳ್ಳುವ ಕಾರ್ಡೈಟ್ ಮಾತ್ರ ಬೆಟ್ಟದ ಮೇಲಿನದು: ನೀಲಗಿರಿಯ ಅರುವಂಕಾಡಿನಲ್ಲಿ, ಕೂನೂರಿನ ಪಕ್ಕ, ಇಪ್ಪತ್ತನೇ ಶತಮಾನದ ಆರಂಭದಿಂದ ಕಾರ್ಡೈಟ್ ಕಾರ್ಖಾನೆ ನಡೆದಿದೆ. ಕನ್ನಡದ ನೆಂಟಸ್ತಿಕೆಯ ಬಡಗ ಮಾತಾಡುವ ಹಳ್ಳಿಗಳ ನಡುವೆ. ತಂಪು ಇಂಥ ಮದ್ದಿಗೆ ಹಿತ, ಬಿಸಿಲು ಅಹಿತ. ಚೆನ್ನೈನಂಥ ಊರಿನಲ್ಲಿ ಮದ್ದು ಕಾಯುವವರಿಗೆ ಅದೇ ಮೊದಲ ತಲೆನೋವು.

ಎಂಟು ಪಟ್ಟು ಮದ್ದು, ಎರಡು ಪಟ್ಟು ದೂರ

ಮದ್ದಿನ ಮನೆಗೂ ಪಕ್ಕದ ಮನೆಗೂ ಎಷ್ಟು ದೂರವಿರಬೇಕು? ಇದಕ್ಕೆ ಜಗತ್ತಿನಾದ್ಯಂತ ಬಳಸುವ ಲೆಕ್ಕದಲ್ಲಿ ಒಂದು ಸೊಗಸಿದೆ. ಸ್ಫೋಟದ ಹೊಡೆತ ಸಾಗುವ ದೂರ ಮದ್ದಿನ ತೂಕದ ಘನಮೂಲವನ್ನು ಅನುಸರಿಸುತ್ತದೆ. ಸಾವಿರ ಕಿಲೋದ ಘನಮೂಲ ಹತ್ತು, ಎಂಟು ಸಾವಿರದ್ದು ಇಪ್ಪತ್ತು. ಅಂದರೆ ಮದ್ದು ಎಂಟು ಪಟ್ಟಾದರೆ ಬಿಡಬೇಕಾದ ದೂರ ಎರಡೇ ಪಟ್ಟು. ಪಾಶ್ಚಾತ್ಯ ಸೇನೆಗಳ ಕೈಪಿಡಿಯಲ್ಲಿ ಜನವಸತಿಗೆ ಬಳಸುವ ಗುಣಕ ಸುಮಾರು 22. ಎಂಟು ಟನ್ ಸಿಡಿಮದ್ದಿಗೆ ಇಪ್ಪತ್ತನ್ನು ಇಪ್ಪತ್ತೆರಡರಿಂದ ಗುಣಿಸಿ: 440 ಮೀಟರ್.

ಹಾಗಾದರೆ ಎಲ್ಲವನ್ನೂ ಒಂದೇ ಕಡೆ ಗುಡ್ಡೆ ಹಾಕಿ ದೂರ ಬಿಡುವುದೇ ಅಗ್ಗವಲ್ಲವೇ? ಅಲ್ಲ. ಒಂದು ಹೊತ್ತಿದರೆ ಎಲ್ಲವೂ ಹೋಗುತ್ತದೆ, ಯುದ್ಧದ ದಿನ ಕೈ ಬರಿದಾಗುತ್ತದೆ. ಅದಕ್ಕೇ ಮದ್ದನ್ನು ಹಲವು ಮನೆಗಳಿಗೆ ಹಂಚುತ್ತಾರೆ. ಮನೆ ಮನೆಯ ನಡುವೆ ಮಣ್ಣಿನ ದಿಬ್ಬ. ದೂರದಿಂದ ನೋಡಿದರೆ ಹುಲ್ಲು ಬೆಳೆದ ಗುಡ್ಡಗಳ ಸಾಲು, ಹತ್ತಿರ ಹೋದರೆ ಒಂದೊಂದಕ್ಕೂ ಕಬ್ಬಿಣದ ಬಾಗಿಲು, ಮಿಂಚು ಇಳಿಸುವ ಕಂಬಿ. ಬಾಗಿಲಲ್ಲಿ ಬೆಂಕಿಕಡ್ಡಿ, ಲೈಟರು, ಮೊಬೈಲು ಬಿಟ್ಟು ಹೋಗಬೇಕು. ಕೆಲವು ಮನೆಗಳಿಗೆ ಮೊಳೆಯ ಬೂಟು ಕೂಡ ನಿಷಿದ್ಧ.

ಬಾಗಿಲ ಮೇಲೆ ಒಂದು ಸಂಖ್ಯೆ ಇರುತ್ತದೆ. ವಿಶ್ವಸಂಸ್ಥೆಯ ವರ್ಗೀಕರಣದಲ್ಲಿ ಸಿಡಿಮದ್ದು ಒಂದನೇ ವರ್ಗ, ಅದರೊಳಗೆ ಸ್ವಭಾವಕ್ಕೆ ತಕ್ಕ ಉಪವಿಭಾಗ. 1.1 ಎಂದರೆ ಇಡೀ ರಾಶಿ ಒಮ್ಮೆಲೇ ಸಿಡಿಯುವಂಥದ್ದು. 1.2 ಒಂದೊಂದಾಗಿ ಸಿಡಿದು ಚೂರು ಎಸೆಯುವುದು. 1.3 ಭುಗಿಲೆಂದು ಉರಿಯುವುದು. 1.4 ಪೆಟ್ಟಿಗೆಯಾಚೆ ಹೆಚ್ಚು ಹಾನಿ ಮಾಡದ್ದು. ಬಂದೂಕಿನ ಸಣ್ಣ ಗುಂಡುಗಳು ಬಹುಪಾಲು ಇಲ್ಲಿ. ಬೆಂಕಿ ಆರಿಸಲು ಬಂದವನು ಬಾಗಿಲ ಸಂಖ್ಯೆ ನೋಡಿಯೇ ನೀರು ಹೊಡೆಯಬೇಕೋ, ಓಡಬೇಕೋ ತೀರ್ಮಾನಿಸುತ್ತಾನೆ.

ಇನ್ನೊಂದು ನಿಯಮ ನೆಂಟಸ್ತಿಕೆಯದು. ಕಿಡಿ ಹೊತ್ತಿಸುವ ಡಿಟೊನೇಟರನ್ನು, ಅದು ಹೊತ್ತಿಸಬೇಕಾದ ಸಿಡಿಮದ್ದಿನ ಜತೆ ಒಂದೇ ಮನೆಯಲ್ಲಿ ಇಡುವಂತಿಲ್ಲ. ರಣರಂಗದಲ್ಲಿ ಒಂದಾಗಬೇಕಾದವು ಉಗ್ರಾಣದಲ್ಲಿ ಮುಖ ನೋಡಬಾರದು. ಪೆಟ್ಟಿಗೆಗಳ ಮೇಲೆ ಅದಕ್ಕೇ ಇಂಗ್ಲಿಷ್ ಅಕ್ಷರದ ಗುಂಪು ಬರೆದಿರುತ್ತದೆ, ಯಾವ ಅಕ್ಷರ ಯಾವುದರ ಜತೆ ಕೂಡಬಹುದೆಂಬ ಕೋಷ್ಟಕ ಗೋಡೆಯಲ್ಲಿ ತೂಗುತ್ತದೆ.

ಕ್ವಾರಿಯವರು, ಪಟಾಕಿಯವರು, ಪೆಟ್ರೋಲ್ ಬಂಕಿನವರೆಲ್ಲ ನಾಗಪುರದಲ್ಲಿ ಮುಖ್ಯ ಕಚೇರಿಯಿರುವ ಪೆಸೋ ಎಂಬ ಕೇಂದ್ರ ಸಂಸ್ಥೆಯ ಪರವಾನಗಿಗೆ ಕಾಯಬೇಕು. ಸೇನೆ ಹಾಗಲ್ಲ. 1884ರ ಸ್ಫೋಟಕ ಕಾಯ್ದೆಯೇ ಅದಕ್ಕೆ ವಿನಾಯಿತಿ ಕೊಟ್ಟಿದೆ. ಸೇನೆಗೆ ತನ್ನದೇ ನಿಯಮಾವಳಿ, ತನ್ನದೇ ತಪಾಸಣೆ. ಉಗ್ರಾಣದ ಬೇಲಿಯಾಚೆಗೆ ಜನ ಮನೆ ಕಟ್ಟದಂತೆ ತಡೆಯಲು 1903ರ ವರ್ಕ್ಸ್ ಆಫ್ ಡಿಫೆನ್ಸ್ ಕಾಯ್ದೆಯಿದೆ. ಅಧಿಸೂಚನೆ ಹೊರಡಿಸಿ, ಪರಿಹಾರ ಕೊಟ್ಟು ನಿರ್ಬಂಧ ಹೇರಬಹುದು. ಆ ಕಾಲದಲ್ಲಿ ಬೇಲಿಯಾಚೆ ಇದ್ದದ್ದು ಬಯಲು. ಈಗ ಊರು ಬೆಳೆದಿದೆ. ಆವಡಿಯೇ 2019ರಲ್ಲಿ ಮಹಾನಗರಪಾಲಿಕೆಯಾಯಿತು. ಘನಮೂಲಕ್ಕೆ ಸೈಟಿನ ಬೆಲೆ ತಿಳಿಯುವುದಿಲ್ಲ.

ಹತ್ತಿಯ ಪಕ್ಕ ಸಿಡಿಮದ್ದು

ನೆಂಟಸ್ತಿಕೆಯ ನಿಯಮ ಮುರಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ದೇಶದ ದೊಡ್ಡ ಸಾಕ್ಷಿ ಮುಂಬಯಿಯದು. 1944ರ ಏಪ್ರಿಲ್ 14ರಂದು ವಿಕ್ಟೋರಿಯಾ ಡಾಕ್‌ನಲ್ಲಿ ಫೋರ್ಟ್ ಸ್ಟಿಕಿನ್ ಎಂಬ ಹಡಗು ನಿಂತಿತ್ತು. ಒಡಲಲ್ಲಿ ಸುಮಾರು 1,400 ಟನ್ ಸಿಡಿಮದ್ದು, ಅದರ ಆಸುಪಾಸಿನಲ್ಲೇ ಕರಾಚಿಯಲ್ಲಿ ಹೇರಿಕೊಂಡ 8,700 ಹತ್ತಿಯ ಬೇಲು, ಜತೆಗೆ ಎಣ್ಣೆಯ ಪೀಪಾಯಿ. ಇಂಥ ಸರಕಿದ್ದರೆ ಕೆಂಪು ಬಾವುಟ ಏರಿಸಬೇಕೆಂಬ ನಿಯಮ ಯುದ್ಧದ ಕಾರಣಕ್ಕೆ ಸಡಿಲವಾಗಿತ್ತು. ಮಧ್ಯಾಹ್ನ ಹೊಗೆ ಕಂಡಿತು. ಹತ್ತಿಯ ಬೆಂಕಿ ಒಳಗೊಳಗೇ ಕುಳಿತು ಉರಿಯುವಂಥದ್ದು, ನೀರು ಸುರಿದಷ್ಟೂ ಅದು ಆರಿದೆಯೋ ಇಲ್ಲವೋ ಹೊರಗಿನವರಿಗೆ ಗೊತ್ತಾಗುವುದಿಲ್ಲ. ನಾಲ್ಕು ಗಂಟೆ ದಾಟಿದ ಮೇಲೆ ಹಡಗು ಸಿಡಿಯಿತು, ಅರ್ಧ ಗಂಟೆಯಲ್ಲಿ ಇನ್ನೊಮ್ಮೆ. ಸತ್ತವರು 800ರಿಂದ 1,300 ಎಂದು ಅಂದಾಜು. ಅವರಲ್ಲಿ 66 ಮಂದಿ ಬೆಂಕಿ ಆರಿಸಲು ಹೋದವರು.

ಪ್ರತಿ ಏಪ್ರಿಲ್ 14ರಿಂದ ಒಂದು ವಾರ ನಮ್ಮೂರಿನ ಅಗ್ನಿಶಾಮಕ ಠಾಣೆಯವರು ಶಾಲೆಗೆ ಬಂದು ಪ್ರಾತ್ಯಕ್ಷಿಕೆ ತೋರಿಸುತ್ತಾರಲ್ಲ, ಅದು ಆ 66 ಮಂದಿಯ ನೆನಪಿಗೆ.

ಮದ್ದಿಗೂ ಮುಪ್ಪು

ಈಗ ಆ ಐದನೆಯ ಚಿಂತೆ. ಟಿಪ್ಪುವಿನ ಕಾಲದ ಕರಿಮದ್ದು ತೇವ ತಾಗದಿದ್ದರೆ ನೂರು ವರ್ಷ ಮಲಗಿರುತ್ತಿತ್ತು. ಆಧುನಿಕ ಮದ್ದು ಹಾಗಲ್ಲ, ಅದಕ್ಕೆ ವಯಸ್ಸಾಗುತ್ತದೆ. ಕಾರ್ಡೈಟಿನಂಥದರಲ್ಲಿರುವ ನೈಟ್ರೊಸೆಲ್ಯುಲೋಸ್ ಸುಮ್ಮನೆ ಇಟ್ಟರೂ ನಿಧಾನವಾಗಿ ಕೊಳೆಯುತ್ತ ಆಮ್ಲದ ಆವಿ ಬಿಡುತ್ತದೆ. ಆ ಆವಿ ಕೊಳೆಯುವುದನ್ನು ಇನ್ನಷ್ಟು ಚುರುಕುಗೊಳಿಸುತ್ತದೆ. ಇದನ್ನು ಹಿಡಿದಿಡಲು ತಯಾರಿಸುವಾಗಲೇ ಆವಿ ಹೀರುವ ರಾಸಾಯನಿಕವೊಂದನ್ನು ಬೆರೆಸಿರುತ್ತಾರೆ. ಅದು ಖರ್ಚಾಗುತ್ತ ಹೋಗುತ್ತದೆ. ಪೂರ್ತಿ ಖರ್ಚಾದ ದಿನ ಮದ್ದು ತಾನೇ ಬಿಸಿಯಾಗಿ ತಾನೇ ಹೊತ್ತಿಕೊಳ್ಳಬಲ್ಲದು. ಸೆಕೆ ಹೆಚ್ಚಿದಷ್ಟೂ ಆ ದಿನ ಹತ್ತಿರ.

ಹಾಗಾಗಿ ಮದ್ದಿನ ಮನೆಯ ಕೆಲಸ ಬೀಗ ಹಾಕುವುದರಿಂದ ಮುಗಿಯುವುದಿಲ್ಲ. ಒಟ್ಟಿಗೆ ತಯಾರಾದ ಮದ್ದಿನ ಪ್ರತಿ ಗುಂಪಿಗೂ ಹುಟ್ಟಿದ ತಾರೀಕು, ಇದ್ದ ಊರುಗಳು, ಪರೀಕ್ಷೆಯ ಫಲಿತಾಂಶ ಬರೆದಿಡಬೇಕು. ಕಾಲಕಾಲಕ್ಕೆ ಒಂದಿಷ್ಟು ತೆಗೆದು ರಸಪರೀಕ್ಷೆ ಮಾಡಬೇಕು. ಮೊದಲು ಬಂದದ್ದು ಮೊದಲು ಹೊರಗೆ ಹೋಗಬೇಕು. ಇದನ್ನು ಬರೆಯುವ ಗುಮಾಸ್ತ ಎರಡು ಸಾಲು ತಪ್ಪಿದರೆ, ಮೂಲೆಯ ಪೆಟ್ಟಿಗೆಯ ವಯಸ್ಸು ಯಾರಿಗೂ ಗೊತ್ತಿಲ್ಲ.

2016ರ ಮೇ 31ರ ನಸುಕಿನಲ್ಲಿ ಮಹಾರಾಷ್ಟ್ರದ ಪುಲ್‌ಗಾಂವ್‌ನಲ್ಲಿ, ದೇಶದ ಅತಿ ದೊಡ್ಡ ಮದ್ದುಗುಂಡು ಉಗ್ರಾಣದ ಒಂದು ಮನೆ ಸಿಡಿಯಿತು. ಒಳಗಿದ್ದದ್ದು ಟ್ಯಾಂಕ್ ಸಿಡಿಸುವ ನೆಲಬಾಂಬುಗಳು. ಇಬ್ಬರು ಅಧಿಕಾರಿಗಳೂ, ಬೆಂಕಿ ಆರಿಸಲು ಓಡಿದವರೂ ಸೇರಿ ಹದಿನಾರಕ್ಕಿಂತ ಹೆಚ್ಚು ಮಂದಿ ಸತ್ತರು. ಆ ಬಾಂಬುಗಳಿಂದ ಟಿಎನ್‌ಟಿ ಬೆವರಿನಂತೆ ಒಸರುತ್ತಿತ್ತು, ದೋಷವಿದೆಯೆಂಬುದು ಮೊದಲೇ ತಿಳಿದಿತ್ತು ಎಂದು ಆಗಿನ ರಕ್ಷಣಾ ಸಚಿವ ಮನೋಹರ್ ಪರಿಕ್ಕರ್ ಅವರೇ ಹೇಳಿದರು. ದೋಷ ತಿಳಿದಿದ್ದೂ ಸರಕು ಅಲ್ಲೇ ಮಲಗಿತ್ತು. ತಯಾರಿಸಿದವರು, ಪರೀಕ್ಷಿಸಿದವರು, ಇಟ್ಟುಕೊಂಡವರ ನಡುವೆ ಕಡತ ಓಡಾಡುತ್ತಿರುವಾಗ ಸರಕಿಗೆ ಯಾರೂ ಪೂರ್ತಿ ಯಜಮಾನರಲ್ಲ.

ಅದಕ್ಕೂ ಮೊದಲು, 2000ದ ಏಪ್ರಿಲ್ 28ರಂದು ರಾಜಸ್ಥಾನದ ಭರತ್‌ಪುರ ಉಗ್ರಾಣ ಹೊತ್ತಿ ಉರಿದದ್ದು ಇನ್ನೂ ಸಣ್ಣ ಕಾರಣಕ್ಕೆ: ಒಣಹುಲ್ಲು. ಖರ್ಚು ಉಳಿಸಲೆಂದು ಎರಡು ವರ್ಷ ಹುಲ್ಲು ಕತ್ತರಿಸಿರಲಿಲ್ಲ ಎಂದು ಮಹಾಲೇಖಪಾಲರು ಬರೆದರು. ಹುಲ್ಲಿನ ಉಳಿತಾಯ ನೂರಾರು ಕೋಟಿ ರೂಪಾಯಿಯ ಮದ್ದನ್ನು ತಿಂದಿತು.

ವಾರಸುದಾರರಿಲ್ಲದ ಸರಕು

ಸೇನೆಗಳು ಮದ್ದು ಬಳಸುವಾಗ ಆಗುವ ಅನಾಹುತಕ್ಕಿಂತ, ಮದ್ದು ಯಾರಿಗೂ ಬೇಡವಾದಾಗ ಆಗುವುದು ನನ್ನನ್ನು ಹೆಚ್ಚು ಹೆದರಿಸುತ್ತದೆ. ಸೈಪ್ರಸ್ಸಿನ ಕಥೆ ಕೇಳಿ. 2009ರಲ್ಲಿ ಇರಾನಿನಿಂದ ಸಿರಿಯಾಕ್ಕೆ ಹೊರಟಿದ್ದ ಹಡಗನ್ನು ತಡೆದು 98 ಕಂಟೈನರ್ ಮದ್ದನ್ನು ಇಳಿಸಿಕೊಂಡರು. ಎಲ್ಲಿಡುವುದು? ನೌಕಾನೆಲೆಯ ಬಯಲಿನಲ್ಲಿ, ಬಿಸಿಲಿಗೆ. ಅದನ್ನೇನು ಮಾಡುವುದೆಂದು ರಾಜತಾಂತ್ರಿಕ ಪತ್ರಗಳು ಹರಿದಾಡುತ್ತಲೇ ಇದ್ದವು. ಎರಡು ಬೇಸಿಗೆ ಕಳೆದು 2011ರ ಜುಲೈ 11ರಂದು ರಾಶಿ ಸಿಡಿಯಿತು. ನೌಕಾಪಡೆಯ ಮುಖ್ಯಸ್ಥರೂ ಸೇರಿ 13 ಮಂದಿ ಸತ್ತರು, ಪಕ್ಕದ ವಿದ್ಯುತ್ ಸ್ಥಾವರ ನುಚ್ಚುನೂರಾಗಿ ದ್ವೀಪದ ಅರ್ಧ ಕರೆಂಟು ಹೋಯಿತು.

ಚೆನ್ನೈಗೆ ಇಂಥದೇ ಕನ್ನಡಿ ತೋರಿಸಿದ್ದು 2020ರ ಆಗಸ್ಟ್. 4ರಂದು ಬೈರುತ್ ಬಂದರಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದ 2,750 ಟನ್ ಅಮೋನಿಯಂ ನೈಟ್ರೇಟ್ ಸಿಡಿಯಿತು. ಎರಡು ದಿನದೊಳಗೆ ಚೆನ್ನೈನ ಪತ್ರಿಕೆಗಳಲ್ಲಿ ಸುದ್ದಿ: ಮಣಲಿಯ ಕಂಟೈನರ್ ಅಂಗಳವೊಂದರಲ್ಲಿ 37 ಕಂಟೈನರ್, ಸುಮಾರು 700 ಟನ್, ಅದೇ ಸರಕು ಇದೆ. 2015ರಲ್ಲಿ ಕಸ್ಟಮ್ಸ್ ಮುಟ್ಟುಗೋಲು ಹಾಕಿಕೊಂಡದ್ದು.

ಅಮೋನಿಯಂ ನೈಟ್ರೇಟ್ ವಿಚಿತ್ರ ಜೀವಿ. ಹೊಲಕ್ಕೆ ಹಾಕಿದರೆ ಗೊಬ್ಬರ, ಕ್ವಾರಿಯಲ್ಲಿ ಡೀಸೆಲ್ ಬೆರೆಸಿದರೆ ಬಂಡೆ ಒಡೆಯುವ ಮದ್ದು, ಟಿಎನ್‌ಟಿ ಜತೆ ಬೆರೆಸಿದರೆ ಮೊದಲ ಮಹಾಯುದ್ಧದ ಶೆಲ್ಲುಗಳಿಗೆ ತುಂಬುತ್ತಿದ್ದ ಅಮಟಾಲ್. ತಾನೊಂದೇ ಶುದ್ಧವಾಗಿ, ತಂಪಾಗಿ ಇದ್ದರೆ ಸಾಧು. ದೊಡ್ಡ ರಾಶಿಯಾಗಿ, ಬೆಂಕಿಗೆ ಸಿಕ್ಕಿ, ಕಲ್ಮಷ ಸೇರಿ, ಗಾಳಿಯಾಡದಿದ್ದರೆ ಬೈರುತ್. ಭಾರತ 2011ರಲ್ಲಿ ಅದನ್ನು ಸ್ಫೋಟಕವೆಂದೇ ಘೋಷಿಸಿ, 2012ರಲ್ಲಿ ಪ್ರತ್ಯೇಕ ನಿಯಮ ಮಾಡಿತು.

ಸರಕು ಸುರಕ್ಷಿತವಾಗಿದೆ, ಎರಡು ಕಿಲೋಮೀಟರಿನಲ್ಲಿ ಜನವಸತಿ ಇಲ್ಲ ಎಂದು ಕಸ್ಟಮ್ಸ್ ಹೇಳಿಕೆ ಕೊಟ್ಟಿತು. ಮಣಲಿಯ ಜನ ಒಪ್ಪಲಿಲ್ಲ. ಐದು ವರ್ಷ ಕದಲದ ಕಂಟೈನರುಗಳು ಐದೇ ದಿನದಲ್ಲಿ ಕದಲಿದವು. ಇ-ಹರಾಜಿನಲ್ಲಿ ಕೊಂಡ ಹೈದರಾಬಾದಿನ ಕಂಪನಿಗೆ ಮೊದಲ ಹತ್ತು ಕಂಟೈನರುಗಳು ಆಗಸ್ಟ್ 9ರ ಸುಮಾರಿಗೆ ಹೊರಟವು. 2021ರಲ್ಲಿ ನಿಯಮ ತಿದ್ದಿ, ಬಂದರಿನಿಂದ 500 ಮೀಟರ್ ಆಚೆಗೆ ಸಂಗ್ರಹ, ಮುಟ್ಟುಗೋಲಾದ ಸರಕಿನ ಶೀಘ್ರ ಹರಾಜು ಎಂದು ಸೇರಿಸಿದರು. ಐದು ವರ್ಷ ಆ ಸರಕು ಯಾರದಾಗಿತ್ತು? ತರಿಸಿದವನದಲ್ಲ, ಕಸಿದುಕೊಂಡ ಇಲಾಖೆ ಬಳಸುವಂತಿಲ್ಲ, ಬಾಡಿಗೆಗೆ ಜಾಗ ಕೊಟ್ಟವರಿಗೆ ಮುಟ್ಟುವ ಹಕ್ಕಿಲ್ಲ. ಪುಲ್‌ಗಾಂವ್‌ನ ನೆಲಬಾಂಬಿಗೂ, ಸೈಪ್ರಸ್ಸಿನ ಕಂಟೈನರಿಗೂ, ಮಣಲಿಯ ಮೂಟೆಗೂ ಇದ್ದ ರೋಗ ಒಂದೇ.

ಮದ್ದಿನಂಗಡಿ

ಇದಕ್ಕೆ ಸೇನೆಗಳೇ ಕಂಡುಕೊಂಡ ಒಂದು ಉಪಾಯ ಕನ್ನಡದವರಿಗೆ ಕೇಳಿದೊಡನೆ ಇಷ್ಟವಾಗುವಂಥದ್ದು. 1990ರ ದಶಕದಲ್ಲಿ ಅಮೆರಿಕದ ನೌಕಾಪಡೆ, ವಾಯುಪಡೆಗಳು ತಮ್ಮ ಉಗ್ರಾಣಗಳನ್ನು ನೋಡಿಕೊಂಡಾಗ ಕಂಡದ್ದು ಇದು: ಒಂದು ಕಪ್ ಬಣ್ಣ ಬೇಕಾದವನು ಒಂದು ಡ್ರಮ್ ತರಿಸುತ್ತಾನೆ. ಉಳಿದದ್ದನ್ನು ಮುಂದೆ ಬೇಕಾದೀತೆಂದು ಬೀರುವಿನ ಹಿಂದೆ ಬಚ್ಚಿಡುತ್ತಾನೆ. ಅವಧಿ ಮುಗಿದ ಮೇಲೆ ಆ ಡ್ರಮ್ ಹೊರಹಾಕಲು, ಕೊಂಡದ್ದಕ್ಕಿಂತ ಹೆಚ್ಚು ದುಡ್ಡು ಬೇಕು. ನಮ್ಮ ಕಚೇರಿಗಳ ಮಾರ್ಚ್ ತಿಂಗಳ ಖರೀದಿ ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಅವರು ಮಾಡಿದ್ದು ಔಷಧಿ ಅಂಗಡಿಯ ನಕಲು. ಹೆಸರೂ ಅದೇ, ಹಜಾರ್ಡಸ್ ಮೆಟೀರಿಯಲ್ ಫಾರ್ಮಸಿ. ಇಡೀ ನೆಲೆಗೆ ಒಂದೇ ಕೌಂಟರು. ಏನು ಕೆಲಸ, ಎಷ್ಟು ಬೇಕು, ಕೈಗವಸು ಇದೆಯೇ ಎಂದು ಕೇಳಿ, ಚೀಟಿ ನೋಡಿ, ಬೇಕಾದಷ್ಟನ್ನೇ ಅಳೆದು ಕೊಡುವುದು. ಸಂಜೆ ಉಳಿದದ್ದನ್ನು ಮರಳಿಸಬೇಕು, ಅದನ್ನು ನಾಳೆ ಇನ್ನೊಬ್ಬನಿಗೆ ಕೊಡುತ್ತಾರೆ. ಒಂದೊಂದು ಡಬ್ಬಿಗೂ ಬಾರ್‌ಕೋಡು. ಅದು ಯಾರ ಕೈಯಲ್ಲಿದೆ ಎಂಬುದು ಯಾವ ಗಳಿಗೆಯಲ್ಲೂ ಗೊತ್ತು. ಮದ್ದಿನ ಮನೆ ಮದ್ದಿನಂಗಡಿಯಾಯಿತು.

ನಮ್ಮಲ್ಲೂ ಕಾನೂನು ಇದೆ. ಅವಧಿ ಮುಗಿದ ಬಣ್ಣ, ಸುಟ್ಟ ಎಣ್ಣೆಗಳೆಲ್ಲ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಬರುತ್ತವೆ. ಕಾನೂನಿಗಿಂತ ಕಷ್ಟದ್ದು ಅಭ್ಯಾಸ: ಉಗ್ರಾಣ ತುಂಬಿದ್ದರೆ ನೆಮ್ಮದಿ ಎಂಬ ಹಳೆಯ ನಂಬಿಕೆಯನ್ನು ಬಿಡಿಸುವುದು.

ಖೋಖಾ ಎಣಿಸುವ ಹೊತ್ತು

ಸರಕಿನ ಆಯುಸ್ಸಿನಲ್ಲಿ ಹೆಚ್ಚು ಬಡವರು ಸಾಯುವುದು ಕೊನೆಯ ಹಂತದಲ್ಲಿ. 2018ರ ನವೆಂಬರಿನಲ್ಲಿ ಅದೇ ಪುಲ್‌ಗಾಂವ್ ಬಳಿ ಹಳೆಯ ಮದ್ದುಗುಂಡನ್ನು ನಾಶಪಡಿಸಲು ಇಳಿಸುವಾಗ ಸ್ಫೋಟವಾಗಿ ಆರು ಮಂದಿ ಸತ್ತರು. ಅದರಲ್ಲಿ ದಿನಗೂಲಿಗೆ ಬಂದ ಸುತ್ತಲಿನ ಹಳ್ಳಿಯವರಿದ್ದರು. 2004ರ ಸೆಪ್ಟೆಂಬರಿನಲ್ಲಿ ದೆಹಲಿ ಪಕ್ಕದ ಗಾಜಿಯಾಬಾದಿನ ಉಕ್ಕಿನ ಕಾರ್ಖಾನೆಯಲ್ಲಿ ಹತ್ತು ಕಾರ್ಮಿಕರು ಸತ್ತದ್ದು, ಯಾವುದೋ ದೇಶದ ಯುದ್ಧದಿಂದ ಗುಜರಿಯಾಗಿ ಬಂದ ಜೀವಂತ ಶೆಲ್ಲಿನಿಂದ. ಆಮೇಲೆ ಆಮದು ಗುಜರಿಗೆ ಹಡಗು ಹತ್ತುವ ಮುಂಚೆಯೇ ತಪಾಸಣೆಯ ಪ್ರಮಾಣಪತ್ರ ಕಡ್ಡಾಯವಾಯಿತು. 

ದೇಶದೊಳಗಿನ ಸೇನಾ ಗುಜರಿಗೂ ಅಂಥದೊಂದು ಕಾಗದವಿದೆ, ಸ್ಫೋಟಕಮುಕ್ತವೆಂಬ ದೃಢೀಕರಣ. ಹಿತ್ತಾಳೆಯ ಖಾಲಿ ಕವಚಗಳನ್ನು ಹರಾಜಿಗೆ ಇಡುವ ಮುನ್ನ ನೋಡಿದವನು ತನ್ನ ಹೆಸರಿನಲ್ಲಿ ಸಹಿ ಹಾಕಬೇಕು. ಸೈನಿಕರ ಬಾಯಲ್ಲಿ ಆ ಖಾಲಿ ಕವಚಕ್ಕೆ ಖೋಖಾ ಎಂದು ಹೆಸರು. ಫೈರಿಂಗ್ ರೇಂಜಿನಲ್ಲಿ ಗುಂಡು ಹಾರಿಸಿ ಮುಗಿದ ಮೇಲೆ, ಗುರಿ ತಾಗಿದವನೂ ತಪ್ಪಿದವನೂ ಒಂದೇ ಸಾಲಿನಲ್ಲಿ ಬಗ್ಗಿ ಮರಳು ಕೆದಕುತ್ತಾರೆ. ಕೊಟ್ಟ ಗುಂಡೆಷ್ಟೋ ಅಷ್ಟು ಖೋಖಾ ಮರಳಿ ಬರಬೇಕು. ಪುಸ್ತಕ ಹಿಡಿದ ಹವಾಲ್ದಾರ ಎಣಿಸುತ್ತಾನೆ. ಒಂದು ಕಡಿಮೆ ಬಂದರೆ ಮತ್ತೆ ಮೊದಲಿನಿಂದ ಹುಡುಕಾಟ. ಊಟದ ಲಾರಿ ಕಾಯುತ್ತ ನಿಂತಿರುತ್ತದೆ.